ಮಾರುವೇಷದ ಪೋಲೀಸನೂ ನಂಬಿದ ಗೆಳೆಯನೂ

ಕಳೆದ ಬೇಸಗೆಯ ರಜೆಯಲ್ಲಿ ಜಡಿಗೇನಹಳ್ಳಿಯ ನಮ್ಮ ಮನೆಯಲ್ಲಿ ಒಂದು ತಿಂಗಳ ಕಾಲ ರಾತ್ರಿಯ ಊಟವು ಹೊತ್ತು ಮೀರಿಯೇ ನಡೆಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನು ಅಮೆರಿಕದ ಹಳೆಯ ಧಾರಾವಾಹಿಯೊಂದರ ತಟ್ಟೆಗಳನ್ನು ತಂದಿದ್ದನು. ಅದರ ಹೆಸರು 'ವೈಸ್‌ಗೈ'. 1987 ರಿಂದ 1990 ರವರೆಗೆ ಆ ದೇಶದ ಸಿ.ಬಿ.ಎಸ್. ಸಂಸ್ಥೆಯು ಬಿತ್ತರಿಸಿದ್ದು. ಪೋಲೀಸನೊಬ್ಬನು ದರೋಡೆಕೋರರ ಕೂಟದವನಂತೆ ನಟಿಸಿ, ಅವರ ನಡುವೆಯೇ ಬಾಳಿ, ಕೊನೆಗೆ ಅವರನ್ನು ಕಾನೂನಿಗೆ ಒಪ್ಪಿಸುವ ಕಥೆ. ಮೊದಲ ರಾತ್ರಿ ನಾನು ಕನ್ನಡಕವನ್ನು ಸಹ ಹಾಕಿಕೊಳ್ಳದೆ ಅಸಡ್ಡೆಯಿಂದ ಕುಳಿತಿದ್ದೆನು. ಹತ್ತು ಹನ್ನೆರಡು ರಾತ್ರಿಗಳು ಕಳೆದು, ಆ ಕೂಟದ ನಾಯಕನು ಸತ್ತಾಗ ನನ್ನ ಕಣ್ಣು ಒದ್ದೆಯಾಗಿತ್ತು. ಮನೆಯವರು ನೋಡಿ, "ಏನ್ರೀ ಇದು, ಸತ್ತವನು ಕೊಲೆಗಡುಕ ತಾನೆ? ಅವನಿಗೋಸ್ಕರ ಕಣ್ಣೀರೇ?" ಎಂದರು. ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನು ಹುಡುಕಿ ನೋಡುವುದೇ ಈ ಲೇಖನದ ಉದ್ದೇಶ.

ಅಪರಾಧದ ಕಥೆಗಳೆಲ್ಲ ಒಂದೇ ಜಾತಿಯವಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ತಪ್ಪು ಮಾಡಿದವನು ಯಾರೆಂಬುದು ಓದುವವನಿಗೆ ಕೊನೆಯ ಪುಟದವರೆಗೂ ತಿಳಿಯದು. ಕುತೂಹಲವೇ ಆ ಕಥೆಗಳ ಜೀವ. ಇನ್ನೊಂದು ಬಗೆಯದು ಸಾಹಸದ ಕಥೆ. 1968 ರಲ್ಲಿ ದೊರೈ–ಭಗವಾನ್ ಜೋಡಿಯು ತೆರೆಗೆ ತಂದ 'ಜೇಡರ ಬಲೆ'ಯಲ್ಲಿ ರಾಜಕುಮಾರ್ ಅವರು ಸಿ.ಐ.ಡಿ. 999 ಆಗಿ ಬಂದರು. ಅಂಥ ಕಥೆಯಲ್ಲಿ ನಾಯಕನು ಗೆಲ್ಲುವನೆಂಬುದು ಮೊದಲೇ ಗೊತ್ತು. ಹೇಗೆ ಗೆಲ್ಲುವನೆಂಬುದೇ ಸೊಗಸು. ಮೂರನೆಯದು ಮಾರುವೇಷದ ಕಥೆ. ಇಲ್ಲಿ ನೋಡುವವನಿಂದ ಬಚ್ಚಿಟ್ಟ ಗುಟ್ಟು ಯಾವುದೂ ಇಲ್ಲ. ಪೋಲೀಸನಾರು, ಕಳ್ಳನಾರು ಎಂಬುದೆಲ್ಲ ನಮಗೆ ಮೊದಲ ಕಂತಿನಲ್ಲೇ ತಿಳಿದಿದೆ. ಕಥೆಯೊಳಗಿನವರಿಗೆ ಮಾತ್ರ ತಿಳಿದಿಲ್ಲ.

ನಮಗೆ ತಿಳಿದು ಪಾತ್ರಗಳಿಗೆ ತಿಳಿಯದಿರುವುದರಿಂದ ಹುಟ್ಟುವ ಈ ತಳಮಳವು ಕನ್ನಡಿಗರಿಗೆ ಹೊಸದೇನಲ್ಲ. ಕುಮಾರವ್ಯಾಸನ ವಿರಾಟಪರ್ವವನ್ನು ಗಮಕಿಗಳು ವಾಚಿಸುವಾಗ ಕೇಳಿದವರೆಲ್ಲ ಇದನ್ನು ಅನುಭವಿಸಿದ್ದಾರೆ. ಕೀಚಕನು ತುಂಬಿದ ಸಭೆಯಲ್ಲಿ ಸೈರಂಧ್ರಿಯನ್ನು ಒದೆಯುತ್ತಾನೆ. ಅಡುಗೆಯ ವಲಲನೇ ಭೀಮನೆಂದು ಸಭೆಗೆ ತಿಳಿಯದು, ನಮಗೆ ತಿಳಿದಿದೆ. ಅವನು ಕೆರಳಿದರೆ ಗುಟ್ಟು ಬಯಲಾಗಿ ಮತ್ತೆ ಹನ್ನೆರಡು ವರ್ಷ ವನವಾಸ. ಸುಮ್ಮನಿದ್ದರೆ ಮಾನ ಹೋಗುತ್ತದೆ. ಕೇಳುವವರು ಉಸಿರು ಬಿಗಿಹಿಡಿಯುವುದು ಈ ಇಕ್ಕಟ್ಟಿಗಾಗಿಯೇ. ಆದರೆ ಪಾಂಡವರು ವಿರಾಟನ ಅನ್ನವುಂಡು ಅವನನ್ನೇ ಹಿಡಿದುಕೊಡಲು ಬಂದವರಲ್ಲ. ತಮ್ಮನ್ನು ಕಾಪಾಡಿಕೊಳ್ಳಲು ಬಂದವರು. ಮಾರುವೇಷದ ಪೋಲೀಸನಾದರೋ ಯಾರ ಮನೆಯಲ್ಲಿ ಉಣ್ಣುತ್ತಾನೋ ಅವನನ್ನು ಸೆರೆಗೆ ಕಳುಹಿಸಲೆಂದೇ ಬಂದವನು.

ಈ ಬಗೆಯ ಪೋಲೀಸು ಕೆಲಸವನ್ನು ಶಾಸ್ತ್ರವಾಗಿ ಬರೆದಿಟ್ಟ ಗ್ರಂಥವೊಂದು ನಮ್ಮ ಮೈಸೂರಿನಲ್ಲಿಯೇ ಮರುಜನ್ಮ ಪಡೆಯಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಹೆಸರಾಗಿ ಮಾತ್ರ ಉಳಿದಿದ್ದ ಆ ಗ್ರಂಥದ ತಾಳೆಯ ಓಲೆಗಳನ್ನು ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ್ದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905 ರಲ್ಲಿ ಅದನ್ನು ಗುರುತಿಸಿದರು; 1909 ರಲ್ಲಿ ಮೂಲವನ್ನೂ 1915 ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚು ಹಾಕಿಸಿದರು. ಅದರ ಮೊದಲನೆಯ ಅಧಿಕರಣದಲ್ಲಿ ಗೂಢಪುರುಷರ ವಿವರವಿದೆ. ಒಂದೆಡೆ ನೆಲೆಸಿ ಕೆಲಸ ಮಾಡುವವರಲ್ಲಿ ಐದು ಬಗೆ: ವಿದ್ಯಾರ್ಥಿಯ ವೇಷದವನು, ಸಂನ್ಯಾಸದಿಂದ ಹಿಂದಿರುಗಿದವನು, ಒಕ್ಕಲಿಗನು, ವ್ಯಾಪಾರಿಯು, ತಪಸ್ವಿಯು. ಸುತ್ತಾಡುವವರಲ್ಲಿ ನಾಲ್ಕು ಬಗೆ. ಒಬ್ಬ ಗೂಢಚಾರನ ಗುರುತು ಮತ್ತೊಬ್ಬನಿಗೆ ಇರಬಾರದು. ಬೇರೆ ಬೇರೆಯಾಗಿ ಬಂದ ಮೂವರ ಮಾತು ಒಂದೇ ಆದರೆ ಮಾತ್ರ ನಂಬಬೇಕು. ಗೂಢಚಾರನ ಮಾತನ್ನೇ ಪರೀಕ್ಷೆಗೊಡ್ಡುವ ಈ ಎಚ್ಚರವನ್ನು ನಾವು ಗಮನಿಸಬೇಕು.

ನಾಲ್ಕನೆಯ ಅಧಿಕರಣವಾದ ಕಂಟಕಶೋಧನದಲ್ಲಿ ಇನ್ನೂ ಸ್ವಾರಸ್ಯವಾದ ಮಾತಿದೆ. ಸಿದ್ಧರ ವೇಷ ತೊಟ್ಟ ಗೂಢಚಾರರು ಕಳ್ಳತನದ ಕಡೆಗೆ ವಾಲಿದ ತರುಣರ ಸಹವಾಸ ಮಾಡಬೇಕು. ಬಾಗಿಲನ್ನು ತೆರೆಯುವ ಮಂತ್ರ, ಜನರನ್ನು ನಿದ್ದೆಗೆ ಕೆಡಹುವ ಮಂತ್ರ ತಮ್ಮಲ್ಲಿವೆಯೆಂದು ಹೇಳಿ, ಮೊದಲೇ ಏರ್ಪಾಡಾದ ಹಳ್ಳಿಗೆ ರಾತ್ರಿಯಲ್ಲಿ ಕರೆದೊಯ್ಯಬೇಕು. ಅಲ್ಲಿ ಮಂತ್ರ ಹೇಳಿದೊಡನೆ ಬಾಗಿಲು ತೆರೆಯುತ್ತದೆ. ಜನರು ಮಲಗಿದಂತೆ ನಟಿಸುತ್ತಾರೆ. ತರುಣರಿಗೆ ನಂಬಿಕೆ ಬಂದ ಮೇಲೆ, ಗುರುತು ಹಾಕಿದ ಒಡವೆಗಳನ್ನು ಕದಿಯುವಾಗ ಅವರನ್ನು ಹಿಡಿಸಬೇಕು. ಹಳೆಯ ಕಳ್ಳರ ವೇಷದವರು ಕಳ್ಳರ ಗುಂಪನ್ನೇ ಹೊಕ್ಕು ಅವರನ್ನು ಹಿಡಿಸುವ ಉಪಾಯವೂ ಅಲ್ಲಿದೆ. ಇಂದಿನ ಧಾರಾವಾಹಿಗಳ ಕಥಾವಸ್ತುವೆಲ್ಲ ಇಷ್ಟರಲ್ಲೇ ಅಡಗಿದೆ. ಜೊತೆಗೆ ಒಂದು ಪ್ರಶ್ನೆಯೂ ಅಡಗಿದೆ: ವಾಲಿದ್ದವನನ್ನು ಹಿಡಿದದ್ದು ಸರಿ; ಅವನನ್ನು ಬೀಳುವಂತೆ ನೂಕಿದವರು ಯಾರು? ಇಂದಿಗೂ ನ್ಯಾಯಾಲಯಗಳಲ್ಲಿ ವಾದಕ್ಕೆ ಬರುವ ಪ್ರಶ್ನೆ ಇದು.

ಶಾಸ್ತ್ರಕಾರನು ಉಪಾಯವನ್ನು ಹೇಳಿ ಮುಂದೆ ಸಾಗುತ್ತಾನೆ. ಉಪಾಯವನ್ನು ನಡೆಸಿದವನ ಮನಸ್ಸು ಏನಾಯಿತೆಂಬುದನ್ನು ನೋಡುವವನು ಕವಿ. ವಿಶಾಖದತ್ತನ ಮುದ್ರಾರಾಕ್ಷಸವು ಏಳು ಅಂಕಗಳ ಸಂಸ್ಕೃತ ನಾಟಕ. ಇದೇ ಕಥೆಯನ್ನು ಕೆಂಪುನಾರಾಯಣನು 1823 ರಲ್ಲಿ 'ಮುದ್ರಾಮಂಜೂಷ'ವೆಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದನು. ನಂದರನ್ನು ಕೆಡಹಿ ಚಂದ್ರಗುಪ್ತನನ್ನು ಪಟ್ಟಕ್ಕೇರಿಸಿದ ಚಾಣಕ್ಯನಿಗೆ, ನಂದರ ನಿಷ್ಠಾವಂತ ಮಂತ್ರಿಯಾದ ರಾಕ್ಷಸನನ್ನು ಕೊಲ್ಲುವುದು ಬೇಡ. ಅವನನ್ನು ಚಂದ್ರಗುಪ್ತನ ಮಂತ್ರಿಯನ್ನಾಗಿ ಮಾಡಬೇಕು. ರಾಕ್ಷಸನು ಮಲಯಕೇತುವೆಂಬ ರಾಜಕುಮಾರನನ್ನು ಸೇರಿಕೊಂಡಿದ್ದಾನೆ. ಚಾಣಕ್ಯನ ಗೂಢಚಾರರು ಅವರಿಬ್ಬರನ್ನೂ ಗೆಳೆಯರಾಗಿಯೇ ಸುತ್ತುವರಿಯುತ್ತಾರೆ. ಸಿದ್ಧಾರ್ಥಕನು ರಾಕ್ಷಸನ ಸ್ನೇಹಿತನನ್ನು ವಧಾಸ್ಥಾನದಿಂದ ಪಾರುಮಾಡಿದಂತೆ ನಟಿಸಿ ಅವನ ವಿಶ್ವಾಸ ಗಳಿಸುತ್ತಾನೆ. ಜೀವಸಿದ್ಧಿಯು ಆಪ್ತನೆನಿಸಿಕೊಂಡು ಮನಸ್ಸನ್ನೇ ಹೊಕ್ಕಿರುತ್ತಾನೆ. ಭಾಗುರಾಯಣನು ಚಂದ್ರಗುಪ್ತನನ್ನು ಬಿಟ್ಟು ಬಂದವನಂತೆ ಮಲಯಕೇತುವಿನ ಬಲಗೈಯಾಗುತ್ತಾನೆ.

ಐದನೆಯ ಅಂಕದಲ್ಲಿ ಬಲೆಯು ಬಿಗಿಯುವ ಹೊತ್ತಿಗೆ ಕವಿಯು ಒಂದು ಕ್ಷಣ ನಿಲ್ಲುತ್ತಾನೆ. ತನ್ನ ಮೇಲೆ ಇಷ್ಟು ಪ್ರೀತಿಯಿಟ್ಟಿರುವ ರಾಜಕುಮಾರನನ್ನು ತಾನೇ ಮೋಸಗೊಳಿಸಬೇಕಲ್ಲಾ ಎಂದು ಭಾಗುರಾಯಣನು ತನ್ನೊಳಗೇ ನೋಯುತ್ತಾನೆ. ನೋಯುತ್ತಲೇ ಕೆಲಸವನ್ನು ಮುಗಿಸುತ್ತಾನೆ. ನಾಟಕದ ಕೊನೆಯಲ್ಲಿ ರಾಕ್ಷಸನನ್ನು ಸೋಲಿಸುವುದು ಸೈನ್ಯವಲ್ಲ. ತನ್ನ ಸಂಸಾರಕ್ಕೆ ಆಶ್ರಯ ಕೊಟ್ಟ ತಪ್ಪಿಗಾಗಿ ಶೂಲಕ್ಕೇರಲು ಹೊರಟ ಚಂದನದಾಸನೆಂಬ ಗೆಳೆಯ. ಅವನನ್ನು ಉಳಿಸಲು ರಾಕ್ಷಸನು ತಾನಾಗಿ ಬಂದು ಶರಣಾಗುತ್ತಾನೆ. ಹೀಗೆ ಸುಳ್ಳು ಸ್ನೇಹವು ಅವನನ್ನು ಒಂಟಿಯಾಗಿಸಿತು. ನಿಜವಾದ ಸ್ನೇಹವು ಅವನನ್ನು ಗೆದ್ದಿತು. ಮಾರುವೇಷದ ಕಥೆಯಲ್ಲಿ ನಿಜವಾಗಿ ಪಣಕ್ಕೆ ಒಡ್ಡಿರುವುದು ಪ್ರಾಣವಲ್ಲ, ನಂಬಿಕೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಆ ಧಾರಾವಾಹಿಯನ್ನು ನೋಡೋಣ. ವಿನ್ನಿ ಟೆರನೋವಾ ಎಂಬ ಪೋಲೀಸನು ಕಳ್ಳನೆಂಬ ಹೆಸರನ್ನು ಸಂಪಾದಿಸುವುದಕ್ಕಾಗಿಯೇ ಹದಿನೆಂಟು ತಿಂಗಳು ಸೆರೆಮನೆಯಲ್ಲಿ ಕಳೆದು ಬರುತ್ತಾನೆ. ಪಾದ್ರಿಯಾದ ಅಣ್ಣನಿಗೆ ನಿಜ ಗೊತ್ತು. ಹೆತ್ತ ತಾಯಿಯು ಮಗ ಕೆಟ್ಟನೆಂದೇ ಕೊರಗುತ್ತಾಳೆ. ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬ ಸಹೋದ್ಯೋಗಿಯೊಡನೆ ಟೆಲಿಫೋನಿನಲ್ಲಿ ಮಾತನಾಡುವಾಗ ಮಾತ್ರ ವಿನ್ನಿಯು ವಿನ್ನಿಯಾಗಿರಬಲ್ಲನು. ತಂತಿಯ ಆಚೆಯ ಆ ಒಂದು ಧ್ವನಿಯೇ ಅವನ ನಿಜ ಬದುಕಿನ ಕೊಂಡಿ. ಸಾನಿ ಸ್ಟೀಲ್‌ಗ್ರೇವ್ ಎಂಬ ದರೋಡೆಕೋರರ ನಾಯಕನು ಅವನನ್ನು ತಮ್ಮನಂತೆ ನಂಬುತ್ತಾನೆ. ಕೊನೆಗೆ ಹಳೆಯ ಸಿನಿಮಾ ಮಂದಿರವೊಂದರಲ್ಲಿ ಇಬ್ಬರೇ ಸಿಕ್ಕಿಕೊಂಡಾಗ ನಿಜವು ಬಯಲಾಗಿರುತ್ತದೆ. ಹೊಡೆದಾಡಿ ಸುಸ್ತಾಗಿ ಪಕ್ಕಪಕ್ಕದಲ್ಲಿ ಕೂರುತ್ತಾರೆ. ಸೆರೆಗೆ ಹೋಗಲೊಲ್ಲದೆ ಸಾನಿಯು ತನ್ನ ಕೈಯಾರೆ ಸಾಯುತ್ತಾನೆ.

ಇದನ್ನೇ ಎರಡೂವರೆ ಗಂಟೆಯ ಸಿನಿಮಾದಲ್ಲಿ ತೋರಿಸಿದ್ದರೆ ನಾನು ಮರುಗುತ್ತಿದ್ದೆನೋ ಇಲ್ಲವೋ. ದೀರ್ಘವಾದ ಧಾರಾವಾಹಿಯ ಶಕ್ತಿಯಿರುವುದು ಇಲ್ಲಿಯೇ. ದಿನವೂ ಒಬ್ಬನನ್ನು ನಮ್ಮ ನಡುಮನೆಗೆ ಬರಮಾಡಿಕೊಂಡರೆ ಅವನ ನಗೆ, ಸಿಟ್ಟು, ತಮಾಷೆಗಳೆಲ್ಲ ನಮಗೆ ಅಭ್ಯಾಸವಾಗುತ್ತವೆ. ಪೋಲೀಸನಿಗೆ ಆದದ್ದೇ ನೋಡುವವನಿಗೂ ಆಗುತ್ತದೆ: ಹಿಡಿಯಬೇಕೆಂದು ಕುಳಿತವನು ಹಚ್ಚಿಕೊಂಡುಬಿಡುತ್ತಾನೆ. ನನ್ನ ಕಣ್ಣು ಒದ್ದೆಯಾದದ್ದು ಕೊಲೆಗಡುಕನಿಗಾಗಿ ಅಲ್ಲ, ನಂಬಿ ಕೆಟ್ಟವನಿಗಾಗಿ. ಆದರೆ ಅವರಿಬ್ಬರೂ ಒಬ್ಬನೇ ಮನುಷ್ಯ ಎಂಬುದನ್ನು ಮರೆಯುವಂತಿಲ್ಲ.

ಇದು ಕಟ್ಟುಕಥೆಯಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದ ಎಫ್.ಬಿ.ಐ. ಅಧಿಕಾರಿಯಾದ ಜೋಸೆಫ್ ಪಿಸ್ಟೋನ್ ಎಂಬವರು 'ಡಾನಿ ಬ್ರಾಸ್ಕೋ' ಎಂಬ ಸುಳ್ಳು ಹೆಸರಿನಲ್ಲಿ 1976 ರಿಂದ 1981 ರವರೆಗೆ ನ್ಯೂಯಾರ್ಕಿನ ಬೊನ್ಯಾನೊ ಕೂಟದವರೊಡನೆ ಬೆರೆತಿದ್ದರು. ಅವರು ತಂದ ಸಾಕ್ಷ್ಯದಿಂದ ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅದು ಸಮಾಜಕ್ಕೆ ಆದ ದೊಡ್ಡ ಉಪಕಾರವೇ ಸರಿ. ಆದರೆ ಅವರನ್ನು ನಂಬಿ ಒಳಗೆ ಬಿಟ್ಟುಕೊಂಡಿದ್ದ ನೆಪೊಲಿಟಾನೊ ಎಂಬ ನಾಯಕನನ್ನು, ಆ ತಪ್ಪಿಗಾಗಿ, ಅವನ ಕಡೆಯವರೇ 1981 ರಲ್ಲಿ ಕೊಂದರು. ಪಿಸ್ಟೋನರ ತಲೆಗೂ ಬೆಲೆ ಕಟ್ಟಲಾಯಿತು. 1997 ರಲ್ಲಿ ಇದೇ ಕಥೆ ಸಿನಿಮಾ ಆಗಿ ಬಂದಿತು.

ಇಲ್ಲಿ ನನ್ನದೊಂದು ಮಾತನ್ನು ಹೇಳದೆ ಇರಲಾರೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಮೊದಲೇ ಹೊರಬೀಳುತ್ತಿದ್ದವು. ತರಗತಿಯ ಮುಂದಾಳು ಹುಡುಗನನ್ನು ಕರೆದು, "ಅವರ ಜೊತೆಯಲ್ಲಿ ಸೇರಿಕೊಂಡ ಹಾಗೆ ಇರಪ್ಪ, ನನಗೆ ಬಂದು ಹೇಳು" ಎಂದೆನು. ಒಳ್ಳೆಯ ಹುಡುಗ; ಮೇಷ್ಟ್ರು ಹೇಳಿದ ಮೇಲೆ ಮಾಡದೆ ಇರುವನೇ? ಹದಿನೈದು ದಿನದಲ್ಲಿ ಕದ್ದವರು ಸಿಕ್ಕಿಬಿದ್ದರು. ನಾನು ಶಾಭಾಸ್ ಎಂದು ಬೆನ್ನು ತಟ್ಟಿದೆನು. ಆ ವರ್ಷದ ಉಳಿದ ತಿಂಗಳುಗಳಲ್ಲೆಲ್ಲ ಆ ಹುಡುಗನು ಮಧ್ಯಾಹ್ನದ ಬುತ್ತಿಯನ್ನು ಬೇವಿನ ಮರದ ಕೆಳಗೆ ಒಬ್ಬನೇ ಕುಳಿತು ಉಣ್ಣುತ್ತಿದ್ದನು. ನಾನು ಅದನ್ನು ಕಂಡೆನು. ಕಂಡರೂ ಅದರ ಅರ್ಥವನ್ನು ಯೋಚಿಸಲಿಲ್ಲ. ಒಂದು ದಿನ ಅವನು ಬಂದು, "ಸಾರ್, ಅವರಲ್ಲಿ ಒಬ್ಬ ನನಗೆ ನಿಜವಾಗ್ಲೂ ಸ್ನೇಹಿತ ಆಗಿದ್ದ" ಎಂದನು. ವಿನ್ನಿಯು ಆ ಸಿನಿಮಾ ಮಂದಿರದಿಂದ ಒಬ್ಬನೇ ಹೊರಗೆ ಬಂದಾಗ ನನಗೆ ನೆನಪಾದದ್ದು ಬೇವಿನ ಮರದ ಕೆಳಗಿನ ಆ ಹುಡುಗ.

ಮಾರುವೇಷದ ಪೋಲೀಸರು ಬೇಡವೆಂದು ನಾನು ಹೇಳುತ್ತಿಲ್ಲ. ಬಾಯಿ ಬಿಡದ ಕೂಟಗಳನ್ನು ಹೊರಗಿನಿಂದ ಒಡೆಯುವುದು ಸುಲಭವಲ್ಲ. ಆದರೆ ಅದಕ್ಕೆ ತೆರುವ ಬೆಲೆಯಿದೆ; ಕಳುಹಿಸಿದವನಲ್ಲ, ಹೋದವನು ತೆರುತ್ತಾನೆ. ಬೆಲೆ ತೆರಬಲ್ಲ ವಯಸ್ಸು, ಅರಿವು, ಒಪ್ಪಿಗೆ ಇಲ್ಲದವರನ್ನು ಆ ಕೆಲಸಕ್ಕೆ ಹಚ್ಚುವುದು ತಪ್ಪು. ನಾನು ಮಾಡಿದ್ದು ಆ ತಪ್ಪನ್ನೇ.

ಈಗ ಮನೆಮನೆಯಲ್ಲಿಯೂ ಇಂಥ ಧಾರಾವಾಹಿಗಳು ನಡೆಯುತ್ತಿವೆ. ಮಕ್ಕಳು ನೋಡುತ್ತಾರೆ, ರೌಡಿಯ ನಡಿಗೆ, ರೌಡಿಯ ಮಾತು ಶಾಲೆಯ ಅಂಗಳದವರೆಗೂ ಬರುತ್ತದೆ. ಗದರಿಸಿ ಪೆಟ್ಟಿಗೆಯನ್ನು ಆರಿಸಿದರೆ ಅವರು ಫೋನಿನಲ್ಲಿ ನೋಡುತ್ತಾರೆ. ಅದಕ್ಕಿಂತ ಪಕ್ಕದಲ್ಲಿ ಕುಳಿತು ನೋಡಿ, ಕಂತು ಮುಗಿದ ಮೇಲೆ ಒಂದೆರಡು ಮಾತು ಕೇಳುವುದು ಮೇಲು. ಈ ಹೊತ್ತು ಯಾರು ಯಾರನ್ನು ನಂಬಿದರು? ಆ ನಂಬಿಕೆಯಿಂದ ಯಾರಿಗೆ ಏನಾಯಿತು? ಆ ನಾಯಕನು ನಮಗೆ ಇಷ್ಟವಾದನಲ್ಲ, ಅವನಿಂದ ಹಾಳಾದವರ ಮನೆಯನ್ನು ಕಥೆಯು ನಮಗೆ ತೋರಿಸಿತೇ? ಈ ಕೊನೆಯ ಪ್ರಶ್ನೆಯನ್ನು ಬಿಡಬಾರದು. ಯಾರ ಮುಖವನ್ನು ಹೆಚ್ಚು ಹೊತ್ತು ತೋರಿಸುತ್ತಾರೋ ಅವರ ಕಡೆಗೇ ನಮ್ಮ ಮರುಕವು ಹರಿಯುವುದು.

ನಮ್ಮ ಮನೆಯವರ ಪ್ರಶ್ನೆಗೆ ಮಾರನೆಯ ಸಂಜೆ ಹೀಗೆಯೇ ಉತ್ತರ ಹೇಳಿದೆನು. ಅವರು ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿ, "ಅದೆಲ್ಲ ಸರಿ, ಆ ಹುಡುಗ ಈಗ ಎಲ್ಲಿದಾನೆ? ಒಂದು ಸಲ ಮನೆಗೆ ಊಟಕ್ಕೆ ಕರೀಬಾರದಾ?" ಎಂದರು. ಹುಡುಕಿದೆನು. ಹೊಸಕೋಟೆಯಲ್ಲಿಯೇ ಇದ್ದಾನೆ. ಬರುವ ಭಾನುವಾರ ಬರುತ್ತೇನೆಂದು ಹೇಳಿದ್ದಾನೆ.