ಮೊದಲ ಪಗಾರದ ಲೆಕ್ಕ

ಕಲಬುರಗಿಯ ಜಗತ್ ಪ್ರದೇಶದ ಓಣಿಗಳಲ್ಲಿ ಯಾವುದಾದರೂ ಮನೆಯ ಮಗಳಿಗೆ ಸರಕಾರಿ ನೌಕರಿ ದೊರೆತರೆ, ಆ ಸುದ್ದಿಯು ಮನೆಯ ಹೊಸ್ತಿಲೊಳಗೇ ನಿಲ್ಲತಕ್ಕದ್ದಲ್ಲ, ನೇಮಕದ ಆದೇಶವು ಕೈಸೇರಿದ ಸಂಜೆಯೇ ಪೇಡಾದ ಡಬ್ಬಿ ನಾಲ್ಕು ಮನೆ ಸುತ್ತಿ ಬರುವುದು, ಅದರ ಬೆನ್ನಿಗೇ ನೆರೆಯ ಹಿರಿಯಳೊಬ್ಬಳು ಸೆರಗು ಸರಿಪಡಿಸಿಕೊಳ್ಳುತ್ತ ಒಳಬಂದು, "ನೌಕರಿ ಸಿಕ್ಕದಂತಲ್ಲಾ ಯವ್ವಾ, ಎಲ್ಲಿ ಹಾಕ್ಯಾರ?" ಎಂದು ವಿಚಾರಿಸುವಳು. "ಕಮಲಾಪುರಕ್ಕ ಹಾಕ್ಯಾರ ಚಿಗವ್ವಾ, ದಿನಾ ಹೋಗಿ ಬರಬಹುದು" ಎಂಬ ಉತ್ತರ ಬಂದರೆ, ಪಗಾರವೆಷ್ಟು, ಹುದ್ದೆ ಯಾವುದು ಎಂಬ ಪ್ರಶ್ನೆಗಳಿಗಿಂತ ಮೊದಲು ಆಕೆಯ ಬಾಯಿಂದ ಬರುವ ಮಾತು ಇಷ್ಟೇ: "ಮನಿ ಊಟ ತಪ್ಪಲಿಲ್ಲ ನೋಡು, ಅದೇ ದೊಡ್ಡದು." ಆದೇಶಪತ್ರದ ಯಾವ ಕಲಮಿನಲ್ಲಿಯೂ ನಮೂದಾಗದ ಈ ಲಾಭವನ್ನು ಕ್ಷಣಮಾತ್ರದಲ್ಲಿ ಕಂಡುಹಿಡಿದು ಎಣಿಸಿಬಿಡುವ ಈ ಜಾಣ್ಮೆಯೇ ಇಂದಿನ ನಮ್ಮ ವಿಷಯ.

ನಿತ್ಯಜೀವನದ ಭಾಗ್ಯಗಳನ್ನು ಎಣಿಸಿಕೊಳ್ಳಬೇಕೆಂಬುದು ಹಿರಿಯರ ಉಪದೇಶವಾಗಿದ್ದ ಕಾಲ ಹೋಗಿ, ಅದು ಪ್ರಯೋಗಶಾಲೆಯ ವಿಷಯವೂ ಆದ ಕಾಲ ಬಂದಿರುವುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ ಎಂಬವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳ ಒಂದು ತಂಡಕ್ಕೆ ಆ ವಾರದಲ್ಲಿ ತಮಗೊದಗಿದ ಐದರಷ್ಟು ಉಪಕಾರಗಳನ್ನು ಬರೆದಿಡುವಂತೆಯೂ, ಇನ್ನೊಂದು ತಂಡಕ್ಕೆ ಅಷ್ಟೇ ಸಂಖ್ಯೆಯ ಕಿರಿಕಿರಿಗಳನ್ನು ಬರೆದಿಡುವಂತೆಯೂ ತಿಳಿಸಿ, ಹಲವು ವಾರಗಳ ಬಳಿಕ ಪರಿಶೀಲಿಸಿದಾಗ, ಉಪಕಾರವನ್ನೆಣಿಸಿದವರು ತಮ್ಮ ಬಾಳಿನ ಬಗ್ಗೆ ಹೆಚ್ಚು ತೃಪ್ತರಾಗಿಯೂ ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆಯುಳ್ಳವರಾಗಿಯೂ ಕಂಡುಬಂದರು. ಅನಂತರ ನಡೆದ ಅನೇಕ ಅಧ್ಯಯನಗಳು ಈ ಫಲವು ನಿಜವಾದರೂ ಅಲ್ಪಪ್ರಮಾಣದ್ದೆಂದು ತೋರಿಸಿವೆ; ದಿನಚರಿ ಪುಸ್ತಕದಲ್ಲಿ ಐದು ಸಾಲು ಗೀಚಿದ ಮಾತ್ರಕ್ಕೆ ದುಃಖ ನೀಗುವುದೆಂದು ಹೇಳುವವರನ್ನು ದೂರವಿಡುವುದೇ ಲೇಸು. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡ ಇನ್ನೊಂದು ಸಂಗತಿ ಇದಕ್ಕಿಂತ ಕುತೂಹಲಕರವಾದುದು: ವಾರಕ್ಕೊಮ್ಮೆ ಎಣಿಸಿದವರಿಗೆ ದೊರೆತ ಸಂತೋಷವು ವಾರಕ್ಕೆ ಮೂರು ಬಾರಿ ಎಣಿಸಿದವರಿಗೆ ದೊರೆಯಲಿಲ್ಲ. ಕೃತಜ್ಞತೆಯನ್ನೂ ಕಚೇರಿಯ ಹಾಜರಿ ಪುಸ್ತಕದಂತೆ ನಡೆಸಹೊರಟರೆ ಅದರ ರಸವು ಬತ್ತುವುದೆಂದು ತೋರುತ್ತದೆ.

ಹೊಸ ನೌಕರಿಯ ಮಟ್ಟಿಗಂತೂ ಈ ಎಣಿಕೆಯು ಬೇಗನೆ ಅಗತ್ಯವಾಗುವುದು. ಕೆಲಸ ಬದಲಿಸಿದವರ ಸಂತೃಪ್ತಿಯು ಮೊದಮೊದಲು ಏರಿ, ಕಾಲಕ್ರಮದಲ್ಲಿ ಇಳಿಯುವುದೆಂದು ಸಂಶೋಧಕಿ ವೆಂಡಿ ಬಾಸ್ವೆಲ್ ಮತ್ತಿತರರು 2005ರಲ್ಲಿ ತೋರಿಸಿಕೊಟ್ಟರು. ಹೊಸದರಲ್ಲಿ ಕುರ್ಚಿಯೂ ಚಂದ, ಮೊಹರೂ ಚಂದ. ಕೆಲವು ತಿಂಗಳು ಕಳೆದೊಡನೆ ಅದೇ ಕುರ್ಚಿಯ ಕಾಲು ಅಲುಗಾಡುವುದು ಕಣ್ಣಿಗೆ ಬೀಳುವುದು. ಸುಖಕ್ಕೆ ಒಗ್ಗಿಹೋಗುವುದು ಮನುಷ್ಯಸ್ವಭಾವವೇ ಆಗಿರಲು, ಒಗ್ಗಿಹೋದುದನ್ನು ಮತ್ತೆ ಕಾಣುವಂತೆ ಮಾಡುವ ಉಪಾಯವನ್ನು ಬೇರೆ ಕಡೆ ಅರಸಬೇಕಾಗಿಲ್ಲ. ಕಲಬುರಗಿಯ ಸೀಮೆಯಲ್ಲಿ ಅದು ಹೊಲದಲ್ಲಿಯೇ ಇದೆ.

ರಾಶಿಯನ್ನು ಅಳೆಯುವಾಗ ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎಂದು ಹೇಳಿ, ಆಮೇಲೆ ಎರಡು, ಮೂರು ಎಂದು ಮುಂದುವರಿಸುವ ವಾಡಿಕೆ ಕನ್ನಡನಾಡಿನ ಅನೇಕ ಕಡೆಗಳಲ್ಲಿ ಉಂಟು. ಆದರೆ ಹಾಗೆ ಎಣಿಸಿದ ಕಾಳೆಲ್ಲವೂ ಒಡೆಯನ ಮನೆಯ ಕಣಜಕ್ಕೆ ನೇರವಾಗಿ ಹೋಗುತ್ತಿರಲಿಲ್ಲ. ನೇಗಿಲನ್ನು ಕೆತ್ತಿದ ಬಡಿಗ, ಕುಳವನ್ನು ಹದಗೊಳಿಸಿದ ಕಮ್ಮಾರ, ಮಡಕೆಯನ್ನು ಕೊಟ್ಟ ಕುಂಬಾರ, ಹೀಗೆ ಆಯಗಾರರೆಲ್ಲರ ಪಾಲು ಕಣದಲ್ಲಿಯೇ ಅಳೆದು ಕೊಡಲ್ಪಡುತ್ತಿತ್ತು. ಅಂದಿನ ಆ ವ್ಯವಸ್ಥೆಯೊಳಗೆ ಅಡಗಿದ್ದ ಜಾತಿಯ ಕ್ರೌರ್ಯವನ್ನು ಮರೆತು ಹಾಡಿ ಹೊಗಳುವ ಆವಶ್ಯಕತೆಯಿಲ್ಲ. ಆದರೂ ಎಣಿಸುವ ಕ್ರಿಯೆಯಲ್ಲಿಯೇ ಇತರರ ಕೈಗಳ ನೆನಪು ಬರುವಂತೆ ಅದು ಏರ್ಪಟ್ಟಿತ್ತೆಂಬುದು ಗಮನಿಸತಕ್ಕ ವಿಚಾರ. ಎಳ್ಳಮಾವಾಸ್ಯೆಯ ದಿನ ಈ ಭಾಗದ ಕುಟುಂಬಗಳು ಸಜ್ಜೆಯ ರೊಟ್ಟಿ, ಕಡಬು, ಭಜ್ಜಿಯ ಪಲ್ಯ, ಅಂಬಲಿಗಳ ಬುತ್ತಿಯನ್ನು ಹೊತ್ತು ಹೊಲಕ್ಕೆ ಹೋಗಿ, ತಾವು ಉಣ್ಣುವುದಕ್ಕೆ ಮುನ್ನ ನಿಂತ ಬೆಳೆಯ ನಡುವೆ ಚರಗ ಚೆಲ್ಲುವುದೂ ಇದೇ ಬಗೆಯ ಕೆಲಸ. ಗಮನಿಸಬೇಕು: ರಾಶಿ ಮನೆಗೆ ಬಂದ ಮೇಲಲ್ಲ, ಜೋಳ ಇನ್ನೂ ನಿಂತಿರುವಾಗಲೇ, ಫಸಲು ಕೈಗೆ ಬರುವುದೋ ಇಲ್ಲವೋ ತಿಳಿಯದಿರುವಾಗಲೇ, ಭೂಮಿಗೆ ಅದರ ಪಾಲು ಸಲ್ಲುವುದು.

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ನೆಲೆಸಿ 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಕಥೆಯನ್ನು ಈ ಊರಿನ ಮಕ್ಕಳೂ ಬಲ್ಲರು. ಹಕ್ಕಿ ಓಡಿಸಲೆಂದು ಹೊಲಕ್ಕೆ ಹೋದ ಶರಣರು ಹಕ್ಕಿಗಳಿಗೆ ಕಾಳನ್ನು ತಿನ್ನಬಿಟ್ಟು, ಮೇಲೆ ಕುಡಿಯಲು ನೀರನ್ನೂ ಇಟ್ಟರೆಂದೂ, ಆದರೂ ರಾಶಿಯು ಕಡಿಮೆಯಾಗಲಿಲ್ಲವೆಂದೂ ಜನರು ಹೇಳುವರು. ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆಗೆ ಸೇರಿದ್ದು. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವ ಈ ನಾಡಿನಲ್ಲಿ ಹಕ್ಕಿಗೆ ನೀರಿಟ್ಟ ಕಥೆಯೊಂದು ಇಷ್ಟು ಕಾಲ ಬಾಳಿ ಬಂದುದೇನೂ ಆಶ್ಚರ್ಯವಲ್ಲ. ಶರಣರ ಹೆಸರಿನ ಗುಡಿಯ ದಾಸೋಹಕ್ಕೆ ಮೊದಲ ಪಗಾರದಿಂದ ತಮ್ಮ ಪಾಲನ್ನು ಮುಟ್ಟಿಸಿ ಬರುವ ಮನೆಗಳೂ, ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಹೋಗಿ ಬರುವ ಮನೆಗಳೂ ಇರುವುವು. ಎರಡೂ ಕಡೆಗೆ ಹೋಗಿ ಬರುವವರು ಈ ಊರಿನಲ್ಲಿ ವಿರಳರಲ್ಲ.

ಉದ್ಯೋಗ ಮತ್ತು ಗೃಹಸ್ಥಜೀವನ ಇವೆರಡನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಕಥೆ ಬೇಕಾದರೆ, ಇದೇ ಕಲ್ಯಾಣದ ಸೀಮೆಯ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಪ್ರಸಂಗಕ್ಕಿಂತ ಉತ್ತಮವಾದುದು ಸಿಕ್ಕಲಾರದು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಲ್ಲಿ ಗಂಡನ ಕಾಯಕವು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ದೊರೆತು, ಅವನು ಅದನ್ನೆಲ್ಲ ಮನೆಗೆ ತಂದಾಗ, ಲಕ್ಕಮ್ಮನು ಹಿಗ್ಗದೆ, ಇದು ನಮ್ಮ ಅಗತ್ಯಕ್ಕೆ ಮೀರಿದ್ದೆಂದು ಗಂಡನನ್ನು ತಿದ್ದಿ, ಹೆಚ್ಚಿನದನ್ನು ಆಯ್ದಲ್ಲಿಯೇ ಚೆಲ್ಲಿ ಬರುವಂತೆ ಕಳುಹಿಸಿದಳು. ಸಾಧಾರಣ ಗೃಹಿಣಿಗೆ ಅದು ಭಾಗ್ಯದ ದಿನ. ಲಕ್ಕಮ್ಮನಿಗೆ ಎಚ್ಚರಿಕೆಯ ದಿನ. ಭಾಗ್ಯವನ್ನು ಎಣಿಸಲು ಕಲಿತವರಿಗೆ ಎಲ್ಲಿ ಎಣಿಕೆಯನ್ನು ನಿಲ್ಲಿಸಬೇಕೆಂಬುದೂ ತಿಳಿದಿರಬೇಕಷ್ಟೆ. ಹೊಸ ಪಗಾರ ಬಂದ ತಿಂಗಳೇ ಸಾಲದ ಮೇಲೆ ಗಾಡಿಯನ್ನೂ, ಗಾಡಿಯ ಹಿಂದೆಯೇ ದೊಡ್ಡ ಟೀವಿಯನ್ನೂ ತರುವ ಮನೆಗಳಲ್ಲಿ ಆಕೆಯ ಹೆಸರನ್ನು ಎತ್ತಿದರೆ ಕೇಳುವವರು ಯಾರೋ!

ಇನ್ನು ಕಮಲಾಪುರದ ನೌಕರಿಗೆ ಬರೋಣ. ಹುಮನಾಬಾದಿನ ಹಾದಿಯಲ್ಲಿ, ಕಲಬುರಗಿಯಿಂದ 40 ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿರುವ ಈ ಊರು ಮೊದಲು ಪ್ರಸಿದ್ಧವಾದುದು ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ತನ್ನ ಕೆಂಪು ಬಾಳೆಯಿಂದ. ತಾಲ್ಲೂಕು ಕೇಂದ್ರವಾದುದು ಈಚೆಗೆ. ಬೆಳಗಿನ ಸರಕಾರಿ ಬಸ್ಸಿನಲ್ಲಿ ಕುಳಿತ ತರುಣಿಯು ತನ್ನ ಆಧಾರ್ ಚೀಟಿಯನ್ನು ತೋರಿಸಿ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಪ್ರಕಾರ ಹಣ ಕೊಡದೆ ಪ್ರಯಾಣ ಮಾಡುವಳು. ಸಂಜೆ ಮರಳುವಾಗ ಮನೆಗೆ ಕೆಂಪು ಬಾಳೆಹಣ್ಣನ್ನು ತರುವಳು. ಇತರ ಬಾಳೆಗಿಂತ ಬೆಲೆ ಹೆಚ್ಚಾದರೂ ಪಗಾರದ ದಿನಕ್ಕೆ ಅದು ಒಪ್ಪುವುದು. ಆಕೆಯ ಭಾಗ್ಯಗಳಲ್ಲಿ ಬಸ್ಸನ್ನೂ ಬಾಳೆಹಣ್ಣನ್ನೂ ಯಾರು ಬೇಕಾದರೂ ಎಣಿಸಬಲ್ಲರು. ಆದರೆ ಆ ನೌಕರಿಯೇ ಆಕೆಗೆ ಬಂದ ಬಗೆಯನ್ನು ಎಣಿಸಹೊರಟರೆ ಮಾತು ಬೇರೆಯಾಗುವುದು.

ನಿಜಾಮನ ಆಡಳಿತದಲ್ಲಿ ಉರ್ದುವಿನ ನೆರಳಿನಲ್ಲಿ ಕನ್ನಡ ಶಾಲೆಗಳು ಸೊರಗಿದ್ದ ಈ ಪ್ರಾಂತವು 1948ರ ಸೆಪ್ಟೆಂಬರಿನಲ್ಲಿ ವಿಮೋಚನೆ ಹೊಂದಿ, 1956ರಲ್ಲಿ ಕನ್ನಡನಾಡಿನೊಡನೆ ಸೇರಿದ ಮೇಲೆಯೂ ಹಿಂದೆಯೇ ಉಳಿಯಿತು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ, ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ಕಲಬುರಗಿ ವಿಭಾಗದಲ್ಲಿಯೇ ಇದ್ದುವು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಬಳಿಕ, ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯು ಬಂದು, 2013ರಿಂದ ಈ ಭಾಗದ ಸ್ಥಳೀಯ ವೃಂದದಲ್ಲಿ 'ಎ' ಮತ್ತು 'ಬಿ' ಗುಂಪಿನ ಹುದ್ದೆಗಳಲ್ಲಿ ಶೇಕಡಾ 75, 'ಸಿ' ಗುಂಪಿನಲ್ಲಿ ಶೇಕಡಾ 80, 'ಡಿ' ಗುಂಪಿನಲ್ಲಿ ಶೇಕಡಾ 85 ಸ್ಥಳೀಯರಿಗೆ ಮೀಸಲಾದುವು. ಇದ್ದುದರಲ್ಲಿ ತೃಪ್ತರಾಗಿ ಕುಳಿತವರಿಂದ ಬಂದ ಭಾಗ್ಯವಲ್ಲವಿದು. ಅತೃಪ್ತರು ಬೀದಿಗಿಳಿದು ಕೂಗಿದುದರಿಂದ ಬಂದದ್ದು. ಆದಕಾರಣ, ಕೊರತೆಯನ್ನು ಎತ್ತಿ ಆಡುವ ಕಿರಿಯರನ್ನು "ಇರೋದ್ರಾಗ ಖುಷಿಯಾಗಿ ಇರ್ರಿ" ಎಂದು ಬಾಯಿಮುಚ್ಚಿಸುವುದಕ್ಕೆ ಕೃತಜ್ಞತೆಯ ಉಪದೇಶವನ್ನು ಬಳಸುವವರ ಮಾತು ನನಗೆ ರುಚಿಸುವುದಿಲ್ಲ. ಹಿಂದಿನವರ ದೂರಿನ ಫಲವನ್ನುಂಡು, ಇಂದಿನವರ ದೂರನ್ನು ಅಪಚಾರವೆಂದು ಬಗೆಯುವುದು ಯಾವ ನ್ಯಾಯ?

ಹೊರಗಿನ ಕೈಗಳನ್ನು ಇಷ್ಟು ಎಣಿಸಿದ ಮೇಲೆ ಮನೆಯೊಳಗಿನ ಕೈಗಳನ್ನು ಬಿಡುವಂತಿಲ್ಲ. ನೆರೆಯ ಹಿರಿಯಳು ಮೊದಲು ಎಣಿಸಿದ "ಮನಿ ಊಟ"ವೆಂಬುದು ತಾನಾಗಿ ಒದಗುವ ವಸ್ತುವೇನು? ಮಗಳ ಬಸ್ಸು ಹೊರಡುವ ಹೊತ್ತಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ಬುತ್ತಿ ಸಿದ್ಧವಾಗಬೇಕಾದರೆ ತಾಯಿಯು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಲೇಬೇಕು. ಭಾರತ ಸರಕಾರದ 2019ರ ಸಮಯ ಬಳಕೆಯ ಸಮೀಕ್ಷೆಯ ಮೇರೆಗೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. ಅಲ್ಲದೆ, ಮನೆಗೆಲಸದಲ್ಲಿ ತೊಡಗುವ ಗಂಡಸರ ಸಂಖ್ಯೆಯೇ ಸ್ವಲ್ಪ. ಮೊದಲ ಪಗಾರದಲ್ಲಿ ತಾಯಿಗೆ ಇಳಕಲ್ ಸೀರೆಯನ್ನು ತರುವುದು ಈ ಕಡೆಯ ಮಕ್ಕಳ ಪ್ರೀತಿಯ ರೂಢಿ. ತಾಯಿಯು ಅದನ್ನು ಬೇಡವೆನ್ನುತ್ತಲೇ ಓಣಿಗೆಲ್ಲ ತೋರಿಸಿ ಬರುವಳು. ಸೀರೆ ಬರಲಿ. ಆದರೆ ಕಣದ ಲೆಕ್ಕದ ಪ್ರಕಾರ ಪಾಲು ಸಲ್ಲಬೇಕಾದುದು ದುಡಿದ ಕೈಗೆ ಮತ್ತು ದುಡಿತಕ್ಕೆ ತಕ್ಕಂತೆ. ಹಾಗಿರುವಾಗ ಆಕೆಗೆ ಸಲ್ಲತಕ್ಕ ಪಾಲು ಸೀರೆಗಿಂತ ಮೊದಲು ಬಿಡುವಿನ ರೂಪದಲ್ಲಿ ಇರತಕ್ಕದ್ದು. ನೌಕರಿಯ ಮಗಳು ಆದಿತ್ಯವಾರ ಒಲೆಯ ಮುಂದೆ ಕೂರುವುದು ಹೇಗೂ ನಡೆದೇ ಇದೆ. ಮಗನೂ ಅವನ ಅಪ್ಪನೂ ಕೊಣಮಿಗೆಯಲ್ಲಿ ಹಿಟ್ಟು ನಾದಲು ಕಲಿತ ಮನೆಗಳು ಜಗತ್ ಪ್ರದೇಶದ ಓಣಿಗಳಲ್ಲಿ ಎಷ್ಟಿವೆ ಎಂಬುದನ್ನು ಮಾತ್ರ ಆ ಹಿರಿಯಳನ್ನೇ ಕೇಳಬೇಕು. ಯಾವ ಮನೆಯಲ್ಲಿ ಯಾರು ರೊಟ್ಟಿ ಬಡಿಯುವರೆಂಬುದು ಸಪ್ಪಳದಿಂದಲೇ ಆಕೆಗೆ ತಿಳಿಯುವುದು.