ಶಾಲಾಮಕ್ಕಳ ತಲೆನೋವು ಮತ್ತು ದಾದಿಯ ವಿವೇಚನೆ

೨೦೨೨ರ ಏಪ್ರಿಲಿನಲ್ಲಿ ದೆಹಲಿಯ ನೆರೆಯ ಘಾಜಿಯಾಬಾದಿನ ಕೆಲವು ಶಾಲೆಗಳ ಮಕ್ಕಳಲ್ಲಿ ಕೋವಿಡ್ ಸೋಂಕು ಮತ್ತೆ ಕಾಣಿಸಿಕೊಂಡಿತು. ಉತ್ತರ ಪ್ರದೇಶ ಸರ್ಕಾರವು ಆ ಜಿಲ್ಲೆಯಲ್ಲಿ ಮುಖಗವಸನ್ನು ಪುನಃ ಕಡ್ಡಾಯಗೊಳಿಸಿತು. ಅಂಥ ದಿನಗಳಲ್ಲಿ ತಲೆನೋವೆಂದು ಬಂದ ಮಗುವಿನ ವಿಷಯದಲ್ಲಿ ಶಾಲೆಯ ದಾದಿಗೆ ಒದಗುವ ಸಂದಿಗ್ಧವು ಸಣ್ಣದಲ್ಲ. ತಲೆನೋವು ಕೋವಿಡ್ಡಿನ ಲಕ್ಷಣಗಳಲ್ಲೊಂದು, ನಿಜ. ಆದರೆ ಉತ್ತರದೇಶದ ಏಪ್ರಿಲ್ ಬಿಸಿಲು, ನೀರಡಿಕೆ, ಬರಿಹೊಟ್ಟೆ, ಕನ್ನಡಕ ಕಾಣದ ದೃಷ್ಟಿದೋಷ, ನಿದ್ದೆಗೇಡು ಇವೂ ಅದೇ ನೋವನ್ನು ತರುತ್ತವೆ. ಎಲ್ಲರನ್ನೂ ಮನೆಗೆ ಅಟ್ಟಿದರೆ, ಎರಡು ವರ್ಷ ಶಾಲೆಯನ್ನು ಸರಿಯಾಗಿ ಕಾಣದ ಮಕ್ಕಳಿಗೆ ಮತ್ತೆ ಪಾಠನಷ್ಟ. ಯಾರನ್ನೂ ಕಳುಹಿಸದಿದ್ದರೆ ತರಗತಿಗೇ ಸೋಂಕು.

ಆದುದರಿಂದ ದಾದಿಯು ಮೊದಲು ಜ್ವರವನ್ನು ಅಳೆಯುತ್ತಾಳೆ. ಕೆಮ್ಮು, ಗಂಟಲುನೋವು ಉಂಟೆ, ಮನೆಯಲ್ಲಿ ಯಾರಾದರೂ ಮಲಗಿರುವರೆ ಎಂದು ವಿಚಾರಿಸುತ್ತಾಳೆ. ಉಂಟೆಂದಾದರೆ ಮಗುವನ್ನು ಗಾಳಿಯಾಡುವ ಬೇರೆ ಕೋಣೆಯಲ್ಲಿರಿಸಿ ಹೆತ್ತವರನ್ನು ಕರೆಸುವುದು, ಪರೀಕ್ಷೆಗೆ ಹೇಳುವುದು. ಇಲ್ಲವಾದರೆ ನೀರು, ತಿಂಡಿ, ಅರ್ಧ ಗಂಟೆಯ ವಿಶ್ರಾಂತಿ. ಬಳಿಕ ಮತ್ತೊಮ್ಮೆ ನೋಡುವುದು. ಆಸ್ಪಿರಿನ್ ಸಲ್ಲದು: ವೈರಸ್ ಜ್ವರವಿರುವ ಮಕ್ಕಳಲ್ಲಿ ಅದು ಮಿದುಳು, ಯಕೃತ್ತುಗಳನ್ನು ಕೆಡಿಸುವ ರೈ ವ್ಯಾಧಿಗೆ ಎಡೆಗೊಡಬಲ್ಲದು. ಕತ್ತು ಸೆಟೆದರೆ, ಪದೇಪದೇ ವಾಂತಿಯಾದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ. ಕೋವಿಡ್ಡಿನ ಗಡಿಬಿಡಿಯಲ್ಲಿ ಇದು ಮರೆತುಹೋಗುವ ಭಯವುಂಟು.

ಸರ್ಕಾರಿ ಶಾಲೆಗಳಲ್ಲಿ ದಾದಿಯಿರುವುದು ವಿರಳ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ವರ್ಷಕ್ಕೊಮ್ಮೆ ತಪಾಸಣೆಗೆ ಬರತಕ್ಕದ್ದು. ಉಳಿದ ದಿನಗಳ ತಲೆನೋವು ಉಪಾಧ್ಯಾಯರ ಪಾಲಿಗೆ.