ಬೈಕ್ ಸವಾರರ ಉಡುಪು-ಸಲಕರಣೆ: ರಾಯಚೂರಿನ ಬಿಸಿಲಿಗೂ ಮಲೆನಾಡಿನ ಮಳೆಗೂ

ನಮ್ಮ ಸದಸ್ಯರೊಬ್ಬರ ಮಗನಿಗೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟರ ಕೆಲಸ. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿಕೊಂಡು ಬೈಕಿನಲ್ಲಿ ರಾಯಚೂರಿಗೆ ಹೊರಟಿದ್ದ. ನಾಯಿಯೊಂದು ಅಡ್ಡ ಬಂದಿತು, ಬ್ರೇಕ್ ಹಿಡಿದ, ಬಿದ್ದ. ತಲೆಯ ಮೇಲೆ ಹೆಲ್ಮೆಟ್ಟು ಇತ್ತು. ಆದರೆ ಸೆಖೆಯೆಂದು ಗಲ್ಲದ ಪಟ್ಟಿಯನ್ನು ಬಿಗಿದಿರಲಿಲ್ಲ. ಹೆಲ್ಮೆಟ್ಟು ಆಮೇಲೆ ಪಕ್ಕದ ಹತ್ತಿ ಹೊಲದಲ್ಲಿ ಸಿಕ್ಕಿತು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಹುಡುಗ ಮೂರು ತಿಂಗಳು ಹಾಸಿಗೆ ಹಿಡಿದ. ಈಗ ಮತ್ತೆ ಪಾಠ ಮಾಡುತ್ತಿದ್ದಾನೆ, ಆದರೆ ಮಕ್ಕಳ ಹೆಸರು ಆಗಾಗ ಮರೆಯುತ್ತದೆ.

ಅವನ ತಂದೆ ಆ ಹೆಲ್ಮೆಟ್ಟನ್ನು ಸಂಘದ ಕಚೇರಿಗೆ ತಂದು ನಮ್ಮ ಮೇಜಿನ ಮೇಲಿಟ್ಟು, "ಇದು ಇದ್ದೂ ಯಾಕೆ ಹೀಗಾಯ್ತು ಅಂತ ನಮ್ಮ ಪತ್ರಿಕೆಯಲ್ಲಿ ಬರೀರಿ" ಎಂದರು. ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮಕ್ಕಳು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಾರೆ, ಮಾನ್ವಿ, ದೇವದುರ್ಗಗಳಲ್ಲಿ ನೌಕರಿ ಮಾಡುತ್ತಾರೆ. ನಾವೂ ದಿನಕ್ಕೆರಡು ಸಲ ತೋಟಕ್ಕೆ ಬೈಕಿನಲ್ಲೇ ಹೋಗಿ ಬರುತ್ತೇವೆ. ಆದ್ದರಿಂದ ಇದು ನಮ್ಮದೇ ವಿಷಯ.

ಅಂದಿನ ಸವಾರಿ, ಇಂದಿನ ಸವಾರಿ

ನಮ್ಮ ಹಿರಿಯ ಸದಸ್ಯರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು ಮರೆತಿರಲಾರರು. 1961ರಲ್ಲಿ ಆರಂಭವಾದ ಆ ಕಾರ್ಖಾನೆಯಿಂದ ಮೊದಲು ಜಾವಾ, ನಂತರ ಯೆಜ್ಡಿ ಬಂದವು. 1996ರಲ್ಲಿ ಅದು ಮುಚ್ಚಿತು. ಆ ಗಾಡಿಗಳ ಮೇಲೆ ಬರಿತಲೆಯಲ್ಲಿ ಓಡಾಡಿ ಏನೂ ಆಗದೆ ಉಳಿದವರು ಬಹಳ ಮಂದಿ ಇದ್ದಾರೆ. ಆದರೆ ಅಂದಿನ ನಮ್ಮ ದಾರಿ ಮಣ್ಣಿನದು, ತಿರುವಿನದು; ವೇಗ ತಾನಾಗಿಯೇ ತಗ್ಗುತ್ತಿತ್ತು. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯೋ ಬಯಲು ಭೂಮಿ. ರಾಯಚೂರಿನಿಂದ ಮಾನ್ವಿಗೂ ದೇವದುರ್ಗಕ್ಕೂ ಐವತ್ತು ಕಿ.ಮೀ. ಆಸುಪಾಸು. ನೆಟ್ಟಗಿನ ರಸ್ತೆಯಲ್ಲಿ ವೇಗ ಅರಿವಿಲ್ಲದೆ ಏರುತ್ತದೆ. ನಲವತ್ತರ ವೇಗ ಅರವತ್ತಾದರೆ ಪೆಟ್ಟಿನ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ.

ಹಾಗೆಂದು ನಿಧಾನವಾಗಿ ಹೋಗುವವರಿಗೆ ಹೆಲ್ಮೆಟ್ಟು ಬೇಡವೆಂದಲ್ಲ. ಸವಾರನ ತಲೆ ನೆಲದಿಂದ ಸುಮಾರು ಐದಡಿ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಲ್ಲಿರುತ್ತದೆ. ನಿಂತ ಗಾಡಿಯಿಂದ ಬಿದ್ದರೂ ಲೆಕ್ಕ ಇದೇ.

ಹೆಲ್ಮೆಟ್ಟು ಹೇಗೆ ಕೆಲಸ ಮಾಡುತ್ತದೆ?

ಸಿಪ್ಪೆ ಸಹಿತವಾದ ತೆಂಗಿನಕಾಯಿ ಮರದಿಂದ ಬಿದ್ದರೆ ಸಾಮಾನ್ಯವಾಗಿ ಒಡೆಯುವುದಿಲ್ಲ. ಸುಲಿದ ಕಾಯಿ ಸೊಂಟದೆತ್ತರದಿಂದ ಕಲ್ಲಿನ ಮೇಲೆ ಬಿದ್ದರೆ ಹೋಳಾಗುತ್ತದೆ. ಕಾಯಿಯನ್ನು ಉಳಿಸುವುದು ಜಜ್ಜಿಹೋಗುವ ನಾರು. ಹೆಲ್ಮೆಟ್ಟಿನಲ್ಲಿ ಆ ನಾರಿನ ಕೆಲಸ ಮಾಡುವುದು ಒಳಗಿನ ಥರ್ಮೋಕೋಲ್ ಪದರ. ಹೊರಚಿಪ್ಪು ಚೂಪಾದ ಕಲ್ಲನ್ನು ತಡೆದು ಪೆಟ್ಟನ್ನು ಹರಡುತ್ತದೆ. ಥರ್ಮೋಕೋಲು ಕುಸಿದು ಪೆಟ್ಟನ್ನು ನುಂಗುತ್ತದೆ. ಇದರಿಂದ ಎರಡು ಮಾತು ತಿಳಿಯುತ್ತವೆ. ಒಂದು, ಒಳಗೆ ಬರೀ ಸ್ಪಂಜು ಇರುವ ಟೊಪ್ಪಿಗೆ ಹೆಲ್ಮೆಟ್ಟಲ್ಲ. ಎರಡು, ಥರ್ಮೋಕೋಲು ಒಮ್ಮೆ ಕುಸಿದರೆ ಮತ್ತೆ ಉಬ್ಬುವುದಿಲ್ಲ. ಒಂದು ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟು, ಹೊರಗಿನಿಂದ ಚೆನ್ನಾಗಿ ಕಂಡರೂ, ತನ್ನ ಕೆಲಸ ಮುಗಿಸಿದಂತೆ.

ಈ ತಿಳಿವಳಿಕೆ ಬಂದದ್ದೂ ಒಂದು ಸಾವಿನಿಂದಲೇ. ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಇಂಗ್ಲೆಂಡಿನ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ಟು ಕಡ್ಡಾಯ ಮಾಡಿತು. 2008ರಲ್ಲಿ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ಟಿನಿಂದ ಸಾವಿನ ಅಪಾಯ ಸುಮಾರು ಶೇ. 42ರಷ್ಟು, ತಲೆಪೆಟ್ಟಿನ ಅಪಾಯ ಸುಮಾರು ಶೇ. 69ರಷ್ಟು ತಗ್ಗುವುದೆಂದು ಕಂಡುಬಂದಿತು. ನಮ್ಮ ದೇಶದಲ್ಲಿ 2022ರಲ್ಲಿ ಹೆಲ್ಮೆಟ್ಟಿಲ್ಲದೆ ಸತ್ತವರು 50,029 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ 14,337 ಮಂದಿ ಹಿಂದೆ ಕೂತವರು.

ಬಿಸಿಲಿನ ನೆಪ

ಮೇ ತಿಂಗಳಲ್ಲಿ ರಾಯಚೂರಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. "ಈ ಬಿಸಿಲಾಗ ಹೆಲ್ಮೆಟ್ ಹೆಂಗ ಹಾಕ್ಕೊಳ್ಳೋದ್ರೀ?" ಎಂದು ಅಲ್ಲಿನವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದೇ ಜನ ಹೊಲಕ್ಕೆ ಹೋಗುವಾಗ ತಲೆಗೆ ಟವೆಲು ಸುತ್ತದೆ ಹೋಗುವುದಿಲ್ಲ. ಹೆಲ್ಮೆಟ್ಟಿನಲ್ಲಿರುವುದು ಐಸ್ ಪೆಟ್ಟಿಗೆಯಲ್ಲಿ ಹಾಕುವ ಥರ್ಮೋಕೋಲೇ; ಅದು ಬಿಸಿಲನ್ನು ತಲೆಗೆ ತಾಗಗೊಡುವುದಿಲ್ಲ. ಉಸಿರುಕಟ್ಟಿದಂತೆ ಆಗುವುದು ಬೆವರು ಆರದಿರುವುದರಿಂದ. ಅದಕ್ಕೆ ಗಾಳಿಕಿಂಡಿಗಳಿರುವ, ತಿಳಿಬಣ್ಣದ ಹೆಲ್ಮೆಟ್ಟು ಕೊಳ್ಳಬೇಕು. ಒಳಗೆ ತೆಳುವಾದ ಹತ್ತಿಯ ಟೊಪ್ಪಿ ಹಾಕಿಕೊಂಡು, ಅದನ್ನು ದಿನವೂ ಒಗೆಯಬೇಕು. ದಪ್ಪ ಟವೆಲು ಸುತ್ತಿ ಅದರ ಮೇಲೆ ಹೆಲ್ಮೆಟ್ಟು ಏರಿಸಬಾರದು, ಅದು ಜಾರುತ್ತದೆ. ಗಾಡಿ ನಿಂತಾಗ ತೆಗೆದು ಗಾಳಿಗೆ ಹಿಡಿಯಲಿ; ಹೊರಡುವಾಗ ಮಾತ್ರ ಪಟ್ಟಿ ಬಿಗಿಯಲೇಬೇಕು.

ಉಡುಪಿನ ವಿಷಯದಲ್ಲಿ ನಮ್ಮ ಮಲೆನಾಡಿನ ಹುಡುಗರು ಇನ್ನೊಂದು ತಪ್ಪು ಮಾಡುತ್ತಾರೆ. ಗಾಳಿ ಬಡಿದರೆ ತಂಪೆಂದು ಅಂಗಿಯ ತೋಳು ಮಡಚಿ ಹೊರಡುತ್ತಾರೆ. ನಮ್ಮ ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಅದು ಮೈಗೆ ಶಾಖವನ್ನೇ ಕೊಡುತ್ತದೆ. ಬೆವರು ಕೂಡಲೇ ಆರಿಹೋಗುವುದರಿಂದ ಮೈಯ ನೀರು ಎಷ್ಟು ಹೋಯಿತೆಂದು ತಿಳಿಯುವುದೇ ಇಲ್ಲ. ಆದ್ದರಿಂದ ತುಂಬುತೋಳಿನ ಸಡಿಲ ಹತ್ತಿ ಅಂಗಿ, ಅದರ ಮೇಲೆ ಜಾಲರಿ ಬಟ್ಟೆಯ ಜಾಕೆಟ್ಟು, ಕುತ್ತಿಗೆಗೆ ಒದ್ದೆ ಬಟ್ಟೆ ಇರಬೇಕು. ಬಾಯಾರುವ ಮೊದಲೇ ನೀರು ಕುಡಿಯಬೇಕು. ಆದಷ್ಟು ಬೆಳಿಗ್ಗೆ ಹತ್ತರೊಳಗೆ ಪ್ರಯಾಣ ಮುಗಿಸುವುದು ಲೇಸು.

ಮಳೆಯ ನಾಡಿನಲ್ಲಿ

ನಮ್ಮಲ್ಲಿಯ ಶತ್ರು ತೇವ. ಜೂನ್‌ನಿಂದ ಹೆಲ್ಮೆಟ್ಟಿನ ಒಳಬಟ್ಟೆಗೆ ಬೂಸಲು ಹಿಡಿಯುತ್ತದೆ. ಬಿಚ್ಚಲು ಬರುವ ಒಳಬಟ್ಟೆಯದನ್ನೇ ಕೊಂಡು, ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಆರಿಸಬೇಕು. ಒಲೆಯ ಮೇಲಿನ ಅಟ್ಟದಲ್ಲಾಗಲಿ, ಅಡಿಕೆ ಬೇಯಿಸುವ ಒಲೆಯ ಬಳಿಯಲ್ಲಾಗಲಿ ಹೆಲ್ಮೆಟ್ಟನ್ನು ಒಣಗಿಸಕೂಡದು. ಶಾಖಕ್ಕೆ ಥರ್ಮೋಕೋಲು ಮುದುಡುತ್ತದೆ. ಪೆಟ್ರೋಲು ಮತ್ತು ಬಣ್ಣದ ಥಿನ್ನರಿಗೆ ಅದು ಕರಗುತ್ತದೆ. ಇ.ಸಿ. ಎಂದು ಬರೆದಿರುವ ಕೀಟನಾಶಕಗಳಲ್ಲಿಯೂ ಅಂಥ ದ್ರಾವಕಗಳು ಇರುತ್ತವೆ. ಆದ್ದರಿಂದ ಔಷಧಿ ಡಬ್ಬಿ, ಪಂಪುಗಳಿರುವ ಕೊಟ್ಟಿಗೆಯ ಗೂಟಕ್ಕೆ ಹೆಲ್ಮೆಟ್ಟು ತೂಗುಹಾಕುವ ಅಭ್ಯಾಸವನ್ನು ನಾವು ಬಿಡಬೇಕು.

ಕೊಳ್ಳುವಾಗ ನೋಡಬೇಕಾದದ್ದು

1. ಐ.ಎಸ್.ಐ. ಗುರುತು ಮತ್ತು ಐ.ಎಸ್. 4151 ಎಂಬ ಸಂಖ್ಯೆ. 2021ರ ಜೂನ್ 1ರಿಂದ ಈ ಗುರುತಿಲ್ಲದ ಹೆಲ್ಮೆಟ್ಟು ಮಾರುವುದು ಕಾನೂನಿಗೆ ವಿರುದ್ಧ. ರಸ್ತೆ ಬದಿಯಲ್ಲಿ ಬರೀ ಸ್ಟಿಕ್ಕರ್ ಅಂಟಿಸಿ ಮಾರುವುದುಂಟು. ರಸೀದಿ ಕೊಡುವ ಅಂಗಡಿಯಲ್ಲೇ ಕೊಳ್ಳಿರಿ.

2. ಅಳತೆ. ಹುಬ್ಬಿನ ಮೇಲಿನಿಂದ ತಲೆಯ ಸುತ್ತ ಟೇಪು ಹಿಡಿದು ಅಳೆಯಿರಿ. 580, 600 ಮಿ.ಮೀ. ಎಂದು ಒಳಗೆ ಬರೆದಿರುತ್ತದೆ. ಹೊಸದು ಕೆನ್ನೆಯನ್ನು ಸ್ವಲ್ಪ ಒತ್ತಬೇಕು. ಅಪ್ಪನದು ಮಗನಿಗೆ, ಮಗನದು ಅಪ್ಪನಿಗೆ ಆಗುತ್ತದೆಂಬ ಭರವಸೆಯಿಲ್ಲ.

3. ಪಟ್ಟಿ. ಬಿಗಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಹೋಗಬಾರದು. ಹಿಂದಿನಿಂದ ಹಿಡಿದು ಮುಂದಕ್ಕೆ ಎಳೆದರೆ ಹೆಲ್ಮೆಟ್ಟು ಕಳಚಬಾರದು. ಕಳಚಿದರೆ ಆ ಹೆಲ್ಮೆಟ್ಟು ನಿಮ್ಮದಲ್ಲ.

4. ಆಯುಸ್ಸು. ಪೆಟ್ಟು ಬೀಳದಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸಿರೆಂಬುದು ತಯಾರಕರ ಸಾಮಾನ್ಯ ಸಲಹೆ.

ಉಳಿದ ಸಲಕರಣೆಗಳಿಗೂ ಒಂದು ಸರದಿ ಇದೆ. ಹೆಲ್ಮೆಟ್ಟಿನ ನಂತರ ಕಣಕಾಲು ಮುಚ್ಚುವ ಬೂಟು, ಯಾಕೆಂದರೆ ಚಪ್ಪಲಿ ಮೊದಲ ಜಾರಿಗೇ ಹಾರಿಹೋಗುತ್ತದೆ. ನಂತರ ಕೈಚೀಲ, ಬೀಳುವವನು ಮೊದಲು ಅಂಗೈ ಊರುವುದರಿಂದ. ಆಮೇಲೆ ಜಾಕೆಟ್ಟು. ಗಾಡಿಯ ಹಿಂಭಾಗಕ್ಕೆ ಬೆಳಕು ತಾಗಿದರೆ ಹೊಳೆಯುವ ಪಟ್ಟಿ ಅಂಟಿಸಿರಿ. ಮಾನ್ವಿ ಕಡೆಯ ನಾಲೆ ಭತ್ತದ ಸೀಮೆಯಲ್ಲಿ ಸುಗ್ಗಿಯ ರಾತ್ರಿ ಎದುರಾಗುವ ಟ್ರ್ಯಾಕ್ಟರುಗಳಿಗೂ, ನಮ್ಮಲ್ಲಿಯ ಮಂಜಿಗೂ ಅದು ಬೇಕು. ಸೀರೆಗಾರ್ಡು, ಹಿಂದೆ ಕೂತವರ ಹಿಡಿಕೆ, ಕನ್ನಡಿಗಳನ್ನು ಅಂದಕ್ಕೆಂದು ಬಿಚ್ಚಿಸಬೇಡಿರಿ. ಟೈರಿನ ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿಸಿರಿ. ಬಿಸಿಲಿಗೆ ಒಡೆಯುತ್ತದೆಂದು ಗಾಳಿ ಇಳಿಸುವವರುಂಟು. ಗಾಳಿ ಕಡಿಮೆಯಾದಷ್ಟೂ ಟೈರು ಹೆಚ್ಚು ಬಾಗಿ ಹೆಚ್ಚು ಕಾಯುತ್ತದೆ.

ಪುಸ್ತಕಗಳ ಮಾತು

ಸವಾರಿಯ ಹುಚ್ಚಿರುವ ಹುಡುಗರಿಗೆ ಓದಲು ಪುಸ್ತಕಗಳೂ ಇವೆ. ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ಪುಸ್ತಕ ತಂದೆ-ಮಗನ ಬೈಕ್ ಪ್ರಯಾಣದ ಕಥೆ. ಗಾಡಿಯನ್ನು ಸ್ವತಃ ನೋಡಿಕೊಳ್ಳುವ ಮನಸ್ಸಿನ ವಿಚಾರ ಅದರಲ್ಲಿದೆ. ಟೆಡ್ ಸೈಮನ್ 1973ರಿಂದ 1977ರವರೆಗೆ ಒಂದೇ ಟ್ರಯಂಫ್ ಗಾಡಿಯಲ್ಲಿ ಪ್ರಪಂಚ ಸುತ್ತಿದರು, ಭಾರತಕ್ಕೂ ಬಂದಿದ್ದರು. ಅವರ ಪುಸ್ತಕ 1979ರಲ್ಲಿ ಬಂದಿತು. ಇವೆರಡೂ ಇಂಗ್ಲಿಷಿನವು. ಆದರೆ ಎಲ್ಲಕ್ಕೂ ಮೊದಲು ಓದಬೇಕಾದದ್ದು ಗಾಡಿಯ ಜೊತೆ ಬಂದ ಪುಸ್ತಿಕೆ. ಟೈರಿಗೆ ಎಷ್ಟು ಗಾಳಿ, ಆಯಿಲು ಯಾವಾಗ ಬದಲಿಸಬೇಕು, ಎಷ್ಟು ಭಾರ ಹೊರಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಅದು ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಂದಿಲ್ಲ.

ಕೊನೆಯದಾಗಿ

ಹೆಲ್ಮೆಟ್ಟು ಸವಾರನಿಗೆ ಮಾತ್ರವಲ್ಲ. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂತವರಿಗೂ ಅದು ಕಡ್ಡಾಯ. 2023ರ ಫೆಬ್ರವರಿಯಿಂದ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ಟು, ಸವಾರನಿಗೆ ಜೋಡಿಸಿ ಬಿಗಿಯುವ ಪಟ್ಟಿ ಇರಬೇಕು. ವೇಗ ನಲವತ್ತು ಕಿ.ಮೀ. ಮೀರಬಾರದು. ಮನೆಯವರನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೋಗುವಾಗ, ಕೊಯ್ಲಿನ ಆಳನ್ನು ಬಸ್‌ಸ್ಟ್ಯಾಂಡಿಗೆ ಬಿಡುವಾಗ ನಮ್ಮ ಮನೆಯಲ್ಲಿ ಎರಡನೆಯ ಹೆಲ್ಮೆಟ್ಟು ಇದೆಯೇ ಎಂದು ಪ್ರತಿಯೊಬ್ಬ ಸದಸ್ಯರೂ ನೋಡಿಕೊಳ್ಳಬೇಕು. ಅಡಿಕೆ ಧಾರಣೆ ಏರಿದ ವರ್ಷ ಮಗನಿಗೆ ಲಕ್ಷ ರೂಪಾಯಿಯ ಬೈಕು ಕೊಡಿಸುವ ನಾವು ಹೆಲ್ಮೆಟ್ಟಿನಲ್ಲಿ ಐನೂರು ರೂಪಾಯಿ ಉಳಿಸುವುದು ಲಾಭವಲ್ಲ.

ಆ ಹೆಲ್ಮೆಟ್ಟು ಈಗಲೂ ನಮ್ಮ ಕಚೇರಿಯಲ್ಲಿದೆ. ಷೇರು ಕಟ್ಟಲು ಬಂದವರು ಕೈಗೆತ್ತಿಕೊಂಡು, "ಹೊಸದೇ ಇದೆಯಲ್ಲ" ಎನ್ನುತ್ತಾರೆ. ಹೌದು, ಹೊಸದೇ ಇದೆ. ಪಟ್ಟಿಯೂ ಗಟ್ಟಿಯಾಗಿದೆ, ಕೊಂಡಿಯೂ ಸರಿಯಾಗಿ ಕೂರುತ್ತದೆ. ಅಂದು ಅದನ್ನು ಕೂರಿಸಲು ಒಂದು ಕ್ಷಣ ಸಾಕಾಗುತ್ತಿತ್ತು.